ಬರೆದಿದ್ದು ಅವಳು, ನಿಂತು ಹೇಳಿದ್ದು ನಾನು

ತಮ್ಮಾ, ನಿನ್ನ ಮೆಸೇಜ್ ಬಂದು ಮೂರು ದಿನ ಆಯ್ತು, ಓದ್ತೀನಿ, ಫೋನ್ ಕೆಳಗಿಡ್ತೀನಿ, ಮತ್ತೆ ಓದ್ತೀನಿ. ಇಂಗ್ಲೆಂಡಿಗೆ ಬಂದು ನಾಲ್ಕು ತಿಂಗಳಾಯ್ತು, ಮನೆ ಹತ್ರದ ಚರ್ಚ್ ಆಫ್ ಇಂಗ್ಲೆಂಡ್ ದೇವಾಲಯದಲ್ಲಿ ವಿಕರ್, ಅಂದ್ರೆ ಆ ಸಭೆ ನೋಡ್ಕೊಳ್ಳೋ ಪಾದ್ರಿ, ಹೆಂಗಸು, ಅವರು ನಿನ್ನ ಹೆಂಡ್ತಿನ ಒಂದು ಭಾನುವಾರ ಆರಾಧನೆಲಿ ಬೋಧನೆ, ಪ್ರಸಂಗ ಮಾಡ್ತೀರಾ ಅಂತ ಕೇಳಿದಾರೆ, ಆದ್ರೆ ನೀವು ಶನಿವಾರ ಹೋಗೋ ನಮ್ಮ ಜನರ ಮನೆ ಫೆಲೋಶಿಪ್‌ನ ಹಿರಿಯರು ಹೆಂಗಸು ನಿಂತು ಬೋಧಿಸೋ ಸಭೆ ದೇವರ ವಾಕ್ಯ ಬಿಟ್ಟ ಸಭೆ, ಒಪ್ಕೋಬೇಡಿ ಅಂದಿದಾರೆ, ಈಗ ಏನ್ ಮಾಡ್ಲಿ ಅಣ್ಣಾ ಅಂತ ಕೇಳಿದೀಯ. ಜೊತೆಗೆ ಲೈಸೆನ್ಸು, ಮಗು ಸ್ಕೂಲು, ಚಳಿ ಎಲ್ಲಾ ಒಂದೇ ಉಸಿರಲ್ಲಿ.

ಚಿಕ್ಕವು ಮೊದಲು ಮುಗಿಸಿಬಿಡ್ತೀನಿ. ಇಂಡಿಯಾ ಲೈಸೆನ್ಸ್ ಇಲ್ಲಿ 12 ತಿಂಗಳು ನಡೆಯುತ್ತೆ, ಆಮೇಲೆ ಇಲ್ಲಿಯ ಟೆಸ್ಟ್ ಪಾಸ್ ಮಾಡ್ಲೇಬೇಕು, ತಡ ಮಾಡ್ಬೇಡ. ಜಿಪಿ, ಅಂದ್ರೆ ಹತ್ರದ ಫ್ಯಾಮಿಲಿ ಡಾಕ್ಟರ್ ಹತ್ರ ಮೂರೂ ಜನದ ಹೆಸರು ರಿಜಿಸ್ಟರ್ ಮಾಡ್ಸು. ಸ್ಕೂಲ್ ವಿಷಯ ಕೌನ್ಸಿಲ್‌ನಲ್ಲೇ ಕೇಳು, ನಾನು ಹೇಳೋದು ಹಳೇದಾಗಿರುತ್ತೆ. ಚಳಿ ಅಭ್ಯಾಸ ಆಗುತ್ತೆ, ಕತ್ತಲೆ ಆಗಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾದಾಗ ಎದೆ ಹಿಂಡಿದ ಹಾಗಾಗುತ್ತೆ, ಆವಾಗ ನಮ್ಮ ಭಾಷೆಲಿ ಪ್ರಾರ್ಥನೆ ಮಾಡೋರು ಯಾರಾದ್ರೂ ಕರೆದ್ರೆ ಹಿಂದೆ ಮುಂದೆ ನೋಡದೆ ಹೋಗಿಬಿಡ್ತೀವಿ. ನಾನೂ ಹಾಗೇ ಹೋಗಿದ್ದು, ಮತ್ತೆ ಅಲ್ಲಿ ಅವರು ಏನಂದ್ರೂ ಹೂಂ ಅಂದಿದ್ದು, ಎಲ್ಲಿ ನಮ್ಮನ್ನ ಬಿಟ್ಟುಬಿಡ್ತಾರೋ ಅನ್ನೋ ಭಯಕ್ಕೆ.

ನಾವು ಬಂದಿದ್ದು 2001ರ ಅಕ್ಟೋಬರ್‌ನಲ್ಲಿ. ಆಗ ನಮ್ಮ ಏರಿಯಾದ ಚರ್ಚಲ್ಲೂ ವಿಕರ್ ಹೆಂಗಸೇ. 1987ರಲ್ಲಿ ಇಲ್ಲಿ ಹೆಂಗಸರನ್ನ ಮೊದಲ ಸಲ ಡೀಕನ್, ಅಂದ್ರೆ ಪ್ರೀಸ್ಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಸೇವಕರು, ಮಾಡಿದಾಗ ಆದೋರು, ಆಮೇಲೆ ಏಳು ವರ್ಷ ಕಾದು 1994ರಲ್ಲಿ ಪ್ರೀಸ್ಟ್ ಆಗಿದ್ರು. ಏಳು ವರ್ಷ ದೀಕ್ಷಾಸ್ನಾನ ಕೊಟ್ಟೆ, ಸತ್ತವರನ್ನ ಮಣ್ಣು ಮಾಡಿದೆ, ಪ್ರಸಂಗ ಮಾಡಿದೆ, ಕರ್ತನ ಮೇಜಿನ ಹತ್ರ ರೊಟ್ಟಿ ದ್ರಾಕ್ಷಾರಸ ಆಶೀರ್ವದಿಸೋಕೆ ಮಾತ್ರ ನಿಲ್ಲೋ ಹಾಗಿರ್ಲಿಲ್ಲ ಅಂತ ಒಂದ್ಸಲ ಹೇಳಿದ್ರು. ಮೊದಲನೇ ಭಾನುವಾರ ಅವರು ರೊಟ್ಟಿ ಹಿಡ್ಕೊಂಡು ನಿಂತಾಗ ನನ್ನ ಹೆಂಡ್ತಿ ಎದ್ದು ಹೋಗಿ ಮೊಣಕಾಲೂರಿ ತಗೊಂಡ್ಲು, ನಾನು ಬೆಂಚಲ್ಲೇ ಕೂತಿದ್ದೆ. ಹೆಂಗಸಿನ ಕೈಯಿಂದ ತಗೊಳ್ಳೋಕೆ ಮನಸ್ಸು ಬರ್ಲಿಲ್ಲ. ಯಾಕೆ ಅಂತ ಕೇಳಿದ್ರೆ ಒಂದು ವಚನಾನೂ ಹೇಳೋಕೆ ಬರ್ತಿರ್ಲಿಲ್ಲ, ಆದ್ರೂ ಅದೇ ಭಕ್ತಿ ಅಂದ್ಕೊಂಡಿದ್ದೆ.

ನನ್ನ ಹೆಂಡ್ತಿ ಬಗ್ಗೆ ಹೇಳ್ಬೇಕು. ಅವಳ ಅಜ್ಜಿ ಬೈಬಲ್ ವುಮನ್, ಅದೇನು ಅಂತ ನಿನಗೆ ವಿವರಿಸಬೇಕಿಲ್ಲ, ಗಂಡಸು ಉಪದೇಶಕರು ಕಾಲಿಡೋಕಾಗದ ಮನೆಗಳಿಗೆ ಸತ್ಯವೇದ ಹೊತ್ಕೊಂಡು ಹೋಗಿದ್ದು ಅವರೇ ತಾನೆ. ಇವಳು ಊರಲ್ಲಿದ್ದಾಗ ಸ್ತ್ರೀಯರ ಕೂಟದಲ್ಲಿ ಮಾತಾಡ್ತಾ ಇದ್ಲು, ನಮ್ಮ ಪಾದ್ರಿ ಅಯ್ಯನೋರು ಬಾಗಿಲ ಹತ್ರ ನಿಂತು ಕೇಳಿಸ್ಕೊಳ್ಳೋರು. ಇಲ್ಲಿ ಫೆಲೋಶಿಪ್‌ನಲ್ಲಿ ಸಂದೇಶ ಕೊಡೋಕೆ ಗಂಡಸರಿಗೆ ಸರದಿ ಇತ್ತು, ನನ್ನ ಸರದಿ ಬಂದಾಗ ಇವಳೇ ಮಾತಾಡ್ಲಿ ಅಂತ ಮೆಲ್ಲಗೆ ಕೇಳಿ ನೋಡಿದೆ. ಹಿರಿಯರು ಪೌಲನ ಪತ್ರ 1 ತಿಮೊಥೆಯ 2:12 ತೆಗೆದು ಓದಿದ್ರು, ಸ್ತ್ರೀಯು ಬೋಧಿಸೋಕೆ ಅಪ್ಪಣೆ ಇಲ್ಲ, ಅಷ್ಟೇ, ಮಾತು ಮುಗೀತು. ನಾನು ಮನೆಗೆ ಬಂದು ನೀನು ಬರೆದುಕೊಡು ನಾನು ಹೇಳ್ತೀನಿ ಅಂದೆ.

ಅವಳು ಬರೆದಿದ್ದು ಹಾಗರಳ ಬಗ್ಗೆ. ಅಬ್ರಾಮನ ಹೆಂಡ್ತಿ ಸಾರಯಳ ದಾಸಿ, ಪರದೇಶದವಳು, ಗರ್ಭಿಣಿ, ಅಡವಿಲಿ ನೀರಿನ ಬುಗ್ಗೆ ಹತ್ರ ಕೂತಿರೋಳು, ಅವಳು ದೇವರಿಗೆ ನನ್ನನ್ನು ನೋಡುವ ದೇವರು ಅಂತ ಹೆಸರಿಟ್ಟಳು, ಸತ್ಯವೇದದಲ್ಲಿ ಅವಳಿಗಿಂತ ಮುಂಚೆ ದೇವರಿಗೆ ಹೆಸರಿಟ್ಟೋರು ಯಾರೂ ಇಲ್ಲ ನೋಡಿ ಅಂತ ಬರೆದಿದ್ಲು. ನಾನು ಎದ್ದು ನಿಂತು ಹೇಳಿದೆ. ಆ ರೂಮಲ್ಲಿ ಇದ್ದೋರೆಲ್ಲ ಮನೆ ಬಿಟ್ಟು ಬಂದೋರು, ಇಬ್ಬರು ಅತ್ತರು. ಮುಗಿದ ಮೇಲೆ ಹಿರಿಯರು ಎರಡೂ ಕೈ ಹಿಡ್ಕೊಂಡು, ಬ್ರದರ್, ಕರ್ತರು ನಿಮಗೆ ಬೋಧನೆಯ ವರ ಕೊಟ್ಟಿದಾರೆ ಅಂದ್ರು. ನಾನು ದೇವರಿಗೆ ಮಹಿಮೆ ಅಂದೆ. ಇದು ಅವಳು ಬರೆದಿದ್ದು ಅಂತ ಹೇಳೋಕೆ ಒಂದು ಸೆಕೆಂಡ್ ಸಾಕಿತ್ತು. ಅವಳು ಪಕ್ಕದ ರೂಮಲ್ಲಿ ಮಕ್ಕಳಿಗೆ ಸಂಡೆ ಸ್ಕೂಲ್ ಪಾಠ ಮಾಡ್ತಾ ಇದ್ಲು, ಬಾಗಿಲು ತೆಗೆದೇ ಇತ್ತು, ಎಲ್ಲಾ ಕೇಳಿಸಿರುತ್ತೆ. ವಾಪಸ್ ಬರುವಾಗ ಕಾರಲ್ಲಿ ಒಂದೇ ಮಾತು ಅಂದಿದ್ದು, ಬುಗ್ಗೆ ವಿಷಯ ಬಿಟ್ಟೇ ಬಿಟ್ರಲ್ಲ ರೀ ಅಂತ.

ಹೀಗೆ ಮೂರು ವರ್ಷ ನಡೀತು ತಮ್ಮಾ. ಅವಳು ಬರೀತಿದ್ಲು, ನಾನು ಹೇಳ್ತಿದ್ದೆ, ಬೇರೆ ಊರಿನ ಫೆಲೋಶಿಪ್‌ಗಳಿಂದಾನೂ ಕರೆಯೋಕೆ ಶುರು ಮಾಡಿದ್ರು. ಹೆಂಗಸು ಬೋಧಿಸಬಾರದು ಅಂತಿದ್ದ ಅಷ್ಟೂ ಜನ ಮೂರು ವರ್ಷ ಒಬ್ಬ ಹೆಂಗಸಿನ ಬೋಧನೆ ಕೇಳಿದ್ರು, ಆಮೆನ್ ಅಂದ್ರು, ಬದಲಾದ್ರು, ಯಾರ ನಂಬಿಕೆಗೂ ಹಾನಿ ಆಗ್ಲಿಲ್ಲ. ಅಲ್ಲಿ ಪಾಪ ಅಂತ ಏನಾದ್ರೂ ಇದ್ದಿದ್ರೆ ಅದು ನನ್ನ ಬಾಯಲ್ಲಿ ಇತ್ತು. 2004ರಲ್ಲಿ ಒಂದು ಗುರುವಾರ ರಾತ್ರಿ ಈ ಸಲ ಏನು ಬರೀತೀಯ ಅಂತ ಕೇಳಿದ್ದಕ್ಕೆ, ಇನ್ಮೇಲೆ ನೀವೇ ಬರ್ಕೊಳ್ಳಿ ರೀ ಅಂದ್ಲು. ಜಗಳ ಇಲ್ಲ, ಅಳು ಇಲ್ಲ. ಅವತ್ತಿಂದ ಬರೆದಿಲ್ಲ.

ಆಮೇಲೇನೇ ನಾನು ಕೂತು ಓದಿದ್ದು, ಅಲ್ಲಿವರೆಗೆ ಅವರಿವರು ಹೇಳಿದ್ದನ್ನ ನಂಬಿದ್ದೆ. ನಿಮ್ಮ ಹಿರಿಯರು ತೋರಿಸೋ ವಚನ ಇದೆ, ಇಲ್ಲ ಅಂತ ಹೇಳೋಕಾಗಲ್ಲ, ಹಗುರ ಮಾಡ್ಲೂಬೇಡ. 13ನೇ ವಚನದಲ್ಲಿ ಪೌಲ ಆದಾಮ ಮೊದಲು ನಿರ್ಮಿತನಾದ ಅಂತ ಸೃಷ್ಟಿಗೇ ಹೋಗ್ತಾನೆ, ಹಾಗಾಗಿ ಇದು ಎಲ್ಲಾ ಕಾಲಕ್ಕೂ ಅನ್ವಯ ಅನ್ನೋರ ವಾದದಲ್ಲಿ ತೂಕ ಇದೆ, ಅವರೆಲ್ಲ ಹೆಂಗಸರನ್ನ ಕೀಳಾಗಿ ಕಾಣೋರು ಅಂತ ತಿಳ್ಕೋಬೇಡ. ಆದ್ರೆ ಅದೇ ಪತ್ರ ತಿಮೊಥೆಯನಿಗೆ ಬರೆದಿದ್ದು ಎಫೆಸ ಪಟ್ಟಣದಲ್ಲಿ ಸುಳ್ಳು ಬೋಧನೆ ಹಬ್ಬಿದಾಗ, ಮೊದಲನೇ ಅಧ್ಯಾಯದಲ್ಲೇ ಇದೆ. ಅಧಿಕಾರ ನಡಿಸೋದು ಅನ್ನೋ ಕಡೆ ಇರೋ ಔಥೆಂಟೆಯಿನ್ ಅನ್ನೋ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಲಿ ಅದೊಂದೇ ಕಡೆ ಬರುತ್ತೆ, ಅದರ ಅರ್ಥದ ಬಗ್ಗೆ ಪಂಡಿತರು ಇವತ್ತಿಗೂ ವಾದ ಮಾಡ್ತಾನೇ ಇದಾರೆ. ಮತ್ತೆ ಅದೇ ಎಫೆಸದಲ್ಲೇ ಅಲ್ವಾ ಪ್ರಿಸ್ಕಿಲ್ಲ ಅನ್ನೋ ಹೆಂಗಸು ಮತ್ತೆ ಅವಳ ಗಂಡ ಅಕ್ವಿಲ ಅಪೊಲ್ಲೋಸನನ್ನ ಕರ್ಕೊಂಡು ಹೋಗಿ ದೇವರ ಮಾರ್ಗಾನ ಇನ್ನೂ ಸರಿಯಾಗಿ ವಿವರಿಸಿದ್ದು, ಅಪೊಸ್ತಲರ ಕೃತ್ಯ 18:26. ಅಪೊಲ್ಲೋಸ ಅಂದ್ರೆ ಸಾಮಾನ್ಯ ಮನುಷ್ಯ ಅಲ್ಲ, ವಾಕ್ಚಾತುರ್ಯ ಇದ್ದೋನು, ಶಾಸ್ತ್ರ ಬಲ್ಲೋನು.

1 ಕೊರಿಂಥ 14:34 ಸಭೇಲಿ ಹೆಂಗಸು ಸುಮ್ನಿರಬೇಕು ಅನ್ನುತ್ತೆ ಸರಿ, ಮೂರು ಅಧ್ಯಾಯ ಹಿಂದೆ 11:5ರಲ್ಲಿ ಅದೇ ಪೌಲ ಹೆಂಗಸು ಪ್ರಾರ್ಥನೆ ಮಾಡುವಾಗ, ಪ್ರವಾದಿಸುವಾಗ ತಲೆ ಮುಚ್ಚಿಕೊಂಡಿರಲಿ ಅಂತಾನೆ. ಬಾಯೇ ತೆಗೀಬಾರದು ಅಂದ್ರೆ ತಲೆ ಮುಚ್ಚೋ ಮಾತು ಯಾಕೆ ಬರುತ್ತೆ? ರೋಮಾಪುರದ ಪತ್ರದ 16ನೇ ಅಧ್ಯಾಯಾನ ನಾವು ಬರೀ ಹೆಸರುಗಳ ಪಟ್ಟಿ ಅಂತ ಹಾರಿಸಿಬಿಡ್ತೀವಿ, ಅಲ್ಲಿ ಫೊಯಿಬೆ ಇದಾಳೆ, ನಮ್ಮ ಸತ್ಯವೇದದಲ್ಲಿ ಸೇವಕಿ ಅಂತಿದೆ, ಆದ್ರೆ ಮೂಲದಲ್ಲಿರೋದು ಪೌಲ ತನಗೇ ಬಳಸ್ಕೊಳ್ಳೋ ದಿಯಾಕೊನೊಸ್ ಅನ್ನೋ ಪದ. ಅವನ ಬಾಯಲ್ಲಾದ್ರೆ ಅದು ಸಭೆಯ ಹುದ್ದೆ, ಅವಳಿಗೆ ಬಂದಾಗ ಬರೀ ಸೇವೆ ಮಾಡೋಳು ಅಂತ ಓದ್ಕೊಂಡು ಬಂದಿದೀವಿ. ಇನ್ನು ಮಗ್ದಲದ ಮರಿಯಳು, ಯೇಸು ಎದ್ದ ಸುದ್ದಿನ ಶಿಷ್ಯರಿಗೆ ಮುಟ್ಟಿಸಿದೋಳು. ಯೋಹಾನ 20ನೇ ಅಧ್ಯಾಯ ನೀನೇ ಓದು, ನಾನು ಅದರ ಬಗ್ಗೆ ಹೇಳೋದು ಬೇಡ.

ನಿಮ್ಮ ಹಿರಿಯರು ಹೇಳೋ ಇನ್ನೊಂದು ಮಾತು, ಇದೆಲ್ಲ ಬಿಳಿಯರು ಕೆಟ್ಟು ತಂದಿದ್ದು, ನಮ್ಮ ಕಡೆ ಸಭೆ ಶುದ್ಧವಾಗಿದೆ ಅಂತ. ಇದಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತೆ, ಯಾಕಂದ್ರೆ ನಾನೂ ಇದನ್ನೇ ನಂಬಿದ್ದೆ. ನಮ್ಮ ಸಿಎಸ್‌ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ, 1976ರಲ್ಲೇ ಹೆಣ್ಣುಮಗಳಿಗೆ ಗುರು ದೀಕ್ಷೆ ಕೊಡ್ತು, ಎಲಿಜಬೆತ್ ಪಾಲ್ ಅಂತ. ಇಂಗ್ಲೆಂಡಿನ ಚರ್ಚಿನ ಆಡಳಿತ ಸಭೆ, ಸಿನಡ್, 1992ರ ನವೆಂಬರ್‌ನಲ್ಲಿ ಕೂದಲೆಳೆ ಅಂತರದಲ್ಲಿ ಒಪ್ಕೊಂಡು, 1994ರ ಮಾರ್ಚ್ 12ಕ್ಕೆ ಬ್ರಿಸ್ಟಲ್ ಕ್ಯಾಥೆಡ್ರಲ್‌ನಲ್ಲಿ ಮೊದಲ 32 ಜನರಿಗೆ ದೀಕ್ಷೆ ಕೊಡೋ ಹೊತ್ತಿಗೆ ನಮ್ಮಲ್ಲಿ ಹದಿನೆಂಟು ವರ್ಷ ಆಗಿತ್ತು. ಬಿಷಪ್ ವಿಷಯದಲ್ಲೂ ಹಾಗೇನೇ, ನಮ್ಮ ಸಿಎಸ್‌ಐ ನಂದ್ಯಾಲ ಡಯಾಸಿಸ್‌ಗೆ, ಅಂದ್ರೆ ಒಬ್ಬ ಬಿಷಪ್ ನೋಡ್ಕೊಳ್ಳೋ ಪ್ರಾಂತಕ್ಕೆ, ಪುಷ್ಪ ಲಲಿತಾ ಅವರು 2013ರಲ್ಲಿ ಬಿಷಪ್ ಆದ್ರು, ಇಲ್ಲಿ 2012ರಲ್ಲಿ ಸಿನಡ್‌ನ ಲೇಯಿಟಿ ಹೌಸ್‌ನಲ್ಲಿ, ಅಂದ್ರೆ ಪಾದ್ರಿಗಳಲ್ಲದ ಸದಸ್ಯರ ವಿಭಾಗದಲ್ಲಿ, ಆರು ವೋಟು ಕಮ್ಮಿ ಬಿದ್ದು ನಿಂತುಹೋಗಿ, ಲಿಬ್ಬಿ ಲೇನ್ ಬಿಷಪ್ ಆಗಿದ್ದು 2015ರಲ್ಲಿ. ಚರ್ಚ್ ಆಫ್ ಇಂಗ್ಲೆಂಡ್ ಸೇರಿರೋ ಆಂಗ್ಲಿಕನ್ ಸಭೇಲಿ ಮೊಟ್ಟಮೊದಲು ಪ್ರೀಸ್ಟ್ ಆದ ಹೆಂಗಸು ಚೀನಾದವರು, ಫ್ಲಾರೆನ್ಸ್ ಲೀ ಟಿಮ್ ಓಯ್, 1944ರಲ್ಲಿ, ಯುದ್ಧದಿಂದಾಗಿ ಮಕಾವ್‌ಗೆ ಗಂಡಸು ಪ್ರೀಸ್ಟ್ ಹೋಗೋಕಾಗ್ತಿರ್ಲಿಲ್ಲ ಅಂತ ಹಾಲ್ ಅನ್ನೋ ಬಿಷಪ್ ದೀಕ್ಷೆ ಕೊಟ್ರು, ಯುದ್ಧ ಮುಗಿದ ಮೇಲೆ ಎಷ್ಟು ಗಲಾಟೆ ಆಯ್ತು ಅಂದ್ರೆ ಆ ತಾಯಿ ತಾನೇ ಲೈಸೆನ್ಸ್ ವಾಪಸ್ ಕೊಟ್ರು. ನಮ್ಮ ಸಭೆ ತಗೊಂಡ ಹೆಜ್ಜೆ ನಮಗೇ ಗೊತ್ತಿಲ್ಲದೆ, ಪರದೇಶಕ್ಕೆ ಬಂದು, ನಮ್ಮೂರಲ್ಲಿ ಎಂದೂ ಇಷ್ಟು ಬಿಗಿಯಾಗಿ ಇಲ್ಲದ ನಿಯಮಾನ ನಮ್ಮ ಸಂಪ್ರದಾಯ ಅಂತ ಹಿಡ್ಕೊಂಡು ಕೂತಿದ್ವಿ. ಊರಲ್ಲೂ ಕಾಗದದ ಮೇಲೆ ಇದ್ದಿದ್ದೆಲ್ಲ ಮನಸ್ಸಲ್ಲಿ ಇರ್ಲಿಲ್ಲ, ಅದು ನಿನಗೂ ಗೊತ್ತು.

ಈಗ ನೀನು ಮಾಡಬೇಕಾದ್ದು. ಇಲ್ಲಿ ಎಲ್ಲಾ ಪ್ಯಾರಿಷ್, ಅಂದ್ರೆ ಏರಿಯಾದ ಸಭೆಗಳು, ಒಂದೇ ತರ ಅಂದ್ಕೋಬೇಡ, ಕೆಲವು ಕಡೆ ಪ್ಯಾರಿಷ್ ಕೌನ್ಸಿಲ್ ರೆಸಲ್ಯೂಷನ್ ಪಾಸ್ ಮಾಡಿ ನಮಗೆ ಗಂಡಸು ಪ್ರೀಸ್ಟೇ, ಗಂಡಸು ಬಿಷಪ್ಪೇ ಬೇಕು ಅಂತ ಕೇಳಿರ್ತಾರೆ, 2014ರಲ್ಲಿ ಮಾಡಿದ ವ್ಯವಸ್ಥೆಲಿ ಅದಕ್ಕೆ ಜಾಗ ಇದೆ. ಮುಂದೆ ಮನೆ ಬದಲಾಯಿಸಿದ್ರೆ ಹೊಸ ಚರ್ಚಲ್ಲಿ ಇದನ್ನ ಮೊದಲೇ ಕೇಳು, ಮುಜುಗರ ಬೇಡ, ಎರಡು ವರ್ಷ ಆದ್ಮೇಲೆ ಗೊತ್ತಾದ್ರೆ ನಿಮ್ಮ ಮನೆಯವರಿಗೆ ನೋವಾಗುತ್ತೆ. ಕ್ಯಾಥೊಲಿಕ್, ಆರ್ಥೊಡಾಕ್ಸ್ ಸ್ನೇಹಿತರು ಒಪ್ಪಲ್ಲ, ಕ್ಯಾಥೊಲಿಕರ ಪೋಪ್ ಎರಡನೇ ಜಾನ್ ಪಾಲ್ 1994ರಲ್ಲಿ ಹೆಂಗಸರಿಗೆ ಗುರು ದೀಕ್ಷೆ ಕೊಡೋದು ಸಭೆಯ ಅಧಿಕಾರದಲ್ಲೇ ಇಲ್ಲ ಅಂತ ಪತ್ರ ಬರೆದುಬಿಟ್ರು, ಅವರ ಜೊತೆ ವಾದಕ್ಕೆ ಹೋಗಬೇಡ. ಒಂದು ಭಾನುವಾರ ಮಾತಾಡೋಕೆ ವಿಕರ್ ಕರೆದು, ಬಿಷಪ್ ಅನುಮತಿ ಇದ್ರೆ ನಡೆಯುತ್ತೆ, ಆ ಅನುಮತಿ ಹೇಗೆ ಅಂತ ವಿಕರ್‌ನೇ ಕೇಳು, ಯಾವಾಗ್ಲೂ ಪ್ರಸಂಗ ಮಾಡ್ಬೇಕು ಅಂದ್ರೆ ಟ್ರೈನಿಂಗ್ ಮಾಡಿ ಬಿಷಪ್ ಲೈಸೆನ್ಸ್ ತಗೋಬೇಕು, ರೀಡರ್ ಅಂತಾರೆ, 1969ರಿಂದ ಹೆಂಗಸರಿಗೂ ಇದೆ. ಈ ದಾರಿ ಇದೆ ಅಂತ ಅವರಿಗೆ ನೀನೇ ಹೇಳು. ನನ್ನ ಹೆಂಡ್ತಿಗೆ ನಮ್ಮ ವಿಕರ್ ಅದರ ಫಾರ್ಮ್ ಕೊಟ್ಟಿದ್ರು, ಫೆಲೋಶಿಪ್‌ನವರು ಏನಂದುಕೊಳ್ತಾರೋ ಅಂತ ನಾನು ಅದನ್ನ ಡ್ರಾಯರ್‌ನಲ್ಲಿ ಇಟ್ಟೆ, ಅವಳೂ ಮತ್ತೆ ಕೇಳ್ಲಿಲ್ಲ.

ಫೆಲೋಶಿಪ್ ಬಿಡು ಅಂತ ನಾನು ಹೇಳಲ್ಲ. ನಿಮಗೆ ಹುಷಾರಿಲ್ಲದಾಗ ಮೊದಲು ಬಾಗಿಲಿಗೆ ಬರೋರು ಅವರೇ. ಹಿರಿಯರ ಹತ್ರ ಕೂತು ಗೌರವದಿಂದ ಹೇಳು, ನಾವು ಓದಿದೀವಿ, ಪ್ರಾರ್ಥನೆ ಮಾಡಿದೀವಿ, ಇವಳು ಮಾತಾಡ್ತಾಳೆ ಅಂತ. ಅವರು ಬೇಜಾರು ಮಾಡ್ಕೋಬಹುದು, ಎರಡು ತಿಂಗಳು ಫೋನ್ ಮಾಡ್ದೇನೂ ಇರಬಹುದು. ತಡ್ಕೋ. ನಾನು ಆ ಮಾತು ಹೇಳೋಕೆ ವರ್ಷಗಟ್ಟಲೆ ಮುಂದೂಡಿದೆ, ಆ ಸಂದೇಶಗಳು ಅವಳವು ಅಂತ ನಮ್ಮ ಹಿರಿಯರಿಗೆ ಹೇಳಲೇಬೇಕು ಅಂತ ನಿರ್ಧಾರ ಮಾಡೋ ಹೊತ್ತಿಗೆ ಅವರು ತೀರಿಹೋಗಿದ್ರು. ಶವಸಂಸ್ಕಾರದ ದಿನ ಅವರ ಮಗ ಬಂದು, ಅಪ್ಪ ಕೊನೇವರೆಗೂ ನಿಮ್ಮ ಹಾಗರಳ ಸಂದೇಶ ನೆನೆಸ್ಕೊಳ್ತಿದ್ರು ಅಂಕಲ್ ಅಂದ. ಪಕ್ಕದಲ್ಲಿ ಅವಳು ನಿಂತಿದ್ಲು. ಅವತ್ತು ಅವನಿಗೆ ಹೇಳಿದೆ, ಅದು ನಂದಲ್ಲಪ್ಪ, ಇವಳದು ಅಂತ. ಅವಳು ತಲೆ ತಗ್ಗಿಸಿ ಹೊರಗೆ ಹೋದ್ಲು.

2025ರಲ್ಲಿ ಸಾರಾ ಮುಲ್ಲಲಿ ಅವರನ್ನ ಕ್ಯಾಂಟರ್ಬರಿ ಆರ್ಚ್‌ಬಿಷಪ್, ಅಂದ್ರೆ ಇಲ್ಲಿಯ ಚರ್ಚಿನ ಅತಿ ಹಿರಿಯ ಬಿಷಪ್ ಅಂತ ಹೆಸರಿಸಿದ ದಿನ ಇಬ್ರೂ ಟಿವಿ ಮುಂದೆ ಕೂತಿದ್ವಿ. ಅವರು ಮೊದಲು ನರ್ಸ್ ಆಗಿದ್ದೋರು, ಇವಳೂ ನರ್ಸೇ, ಬಹಳ ಹೊತ್ತು ಸುಮ್ನೆ ನೋಡ್ತಾ ಇದ್ಲು. ಈಗ ನಮ್ಮಲ್ಲಿರೋ ಹೊಸ ವಿಕರ್ ಅವಳನ್ನ ಎರಡು ಸಲ ಪ್ರಸಂಗಕ್ಕೆ ಕೇಳಿದಾರೆ, ವೇದಪಾಠ ಓದ್ತೀನಿ, ಪ್ರಸಂಗ ಬೇಡ ಅಂತಾಳೆ. ನಾನು ಒತ್ತಾಯ ಮಾಡೋ ಹಕ್ಕು ಕಳ್ಕೊಂಡಿದೀನಿ.

ನಿನ್ನ ಮೆಸೇಜ್ ಅವಳಿಗೂ ತೋರಿಸಿದೆ. ಓದಿ, ಆ ಹುಡುಗಿ ಯಾವ ಭಾಗದ ಮೇಲೆ ಮಾತಾಡ್ತಾಳಂತೆ ಕೇಳಿ ರೀ ಅಂದ್ಲು. ಅದನ್ನ ತಿಳಿಸು, ಯಾವ ಭಾನುವಾರ ಅನ್ನೋದನ್ನೂ ತಿಳಿಸು, ನಾವಿಬ್ರೂ ಬೆಳಗಿನ ಟ್ರೈನ್‌ಗೆ ಬರ್ತೀವಿ.