ಪವರ್ ಸ್ಟೇರಿಂಗ್ ಗುಂಯ್‌ಗುಡುತ್ತಿದೆ: ಪಂಪ್ ಬದಲಿಸಬೇಕೇ?

ಪ್ರಶ್ನೆ: ನಮ್ಮದು ತರಕಾರಿ ಸಾಗಿಸುವ ಹಳೆಯ ಡೀಸೆಲ್ ಪಿಕಪ್. ಪವರ್ ಸ್ಟೇರಿಂಗಿನ ಪ್ರೆಷರ್ ಪೈಪ್ ಸೋರುತ್ತಿತ್ತೆಂದು ಹೊಸದು ಹಾಕಿಸಿದೆವು. ಅಂದಿನಿಂದ ತಿರುಗಿಸಿದಾಗಲೆಲ್ಲ ಗುಂಯ್ ಸದ್ದು, ಸ್ಟೇರಿಂಗ್ ಆಯಿಲ್ ಡಬ್ಬಿಯೊಳಗೆ ನೊರೆ. ಸೋರಿಕೆ ಎಲ್ಲೂ ಕಾಣದು. ಪಂಪ್ ಹೋಗಿದೆ ಎನ್ನುತ್ತಾರೆ ಮೆಕ್ಯಾನಿಕ್. ನಿಜವೇ?
– ಓದುಗರೊಬ್ಬರು, ಹಿರಿಯೂರು

ಉತ್ತರ: ಪಂಪಿಗೆ ದುಡ್ಡು ಸುರಿಯುವ ಮುಂಚೆ ಏರ್ ತೆಗೆಸಿ. ನೊರೆ ಎದ್ದಿದೆ ಎಂದರೆ ಆಯಿಲ್ ಜೊತೆ ಗಾಳಿ ಸೇರಿದೆ. ಪೈಪ್ ಬಿಚ್ಚಿದಾಗ ಹೊಕ್ಕಿದ್ದು ಇನ್ನೂ ಹೊರಬಂದಿಲ್ಲ.

ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಹಿಂದಿನವಕ್ಕೆ ಕಲ್ಲು ಕೊಡಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ. ಬಹಳ ಕಡೆ ಕೆಲಸ ಕೆಡುವುದೇ ಇಲ್ಲಿ: ಎಂಜಿನ್ ಓಡಿದರೆ ಪಂಪು ಮೊಸರು ಕಡೆದಂತೆ ಗಾಳಿಯನ್ನು ಸಣ್ಣ ಗುಳ್ಳೆ ಮಾಡುತ್ತದೆ, ಅವು ಬೇಗ ಮೇಲೇಳುವುದಿಲ್ಲ. ಈಗಾಗಲೇ ನೊರೆಯಿದ್ದರೆ ಗಾಡಿಯನ್ನು ಒಂದು ರಾತ್ರಿ ಹಾಗೇ ಬಿಡಿ. ಆಮೇಲೆ ಡಬ್ಬಿಯ ಕೋಲ್ಡ್ ಗುರುತಿನವರೆಗೆ ಆಯಿಲ್ ತುಂಬಿ, ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ 15-20 ಸಲ ತಿರುಗಿಸಿ. ಆಯಿಲ್ ಇಳಿದಂತೆ ತುಂಬುತ್ತಿರಿ. ಗುಳ್ಳೆ ನಿಂತ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿಟ್ಟು ಮತ್ತೆ ಕೆಲವು ಸಲ ತಿರುಗಿಸಿ. ಸ್ಟೇರಿಂಗನ್ನು ಯಾವುದೇ ಕೊನೆಗೆ ತಿರುಗಿಸಿ 5 ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಆಯಿಲ್ ಕಾಯುತ್ತದೆ, ಪಂಪ್ ಸವೆಯುತ್ತದೆ. ಎಂಜಿನ್ ಆಫ್ ಮಾಡಿದೊಡನೆ ಡಬ್ಬಿಯ ಮಟ್ಟ 5 ಮಿ.ಮೀ.ಗಿಂತ ಹೆಚ್ಚು ಏರಿದರೆ ಗಾಳಿ ಇನ್ನೂ ಉಳಿದಿದೆ.

ಎಷ್ಟು ತೆಗೆದರೂ ನೊರೆ ಮರಳುತ್ತಿದೆಯೇ? ಡಬ್ಬಿಯಿಂದ ಪಂಪಿಗೆ ಬರುವ ದಪ್ಪ ಹೋಸ್ ನೋಡಿ. ಅಲ್ಲಿ ಪಂಪ್ ಎಳೆದುಕೊಳ್ಳುವುದರಿಂದ ಸಡಿಲ ಜೋಡಣೆ ಗಾಳಿ ಹೀರುತ್ತದೆಯೇ ಹೊರತು ಆಯಿಲ್ ತೊಟ್ಟಿಕ್ಕಬೇಕೆಂದಿಲ್ಲ. ನಿಮಗೆ ಸೋರಿಕೆ ಕಾಣದಿರುವುದು ಇದಕ್ಕೇ ಇರಬಹುದು. ಐಡಲ್‌ನಲ್ಲಿ ಜೋಡಣೆಯ ಸುತ್ತ ಗ್ರೀಸ್ ಮೆತ್ತಿ. ಸದ್ದು ತಗ್ಗಿದರೆ ಕಳ್ಳ ಅಲ್ಲೇ. ಹೊಸ ಕ್ಲಿಪ್ ಹಾಕಿಸಿ, ರಬ್ಬರ್ ಗಟ್ಟಿಯಾಗಿದ್ದರೆ ಹೋಸನ್ನೇ ಬದಲಿಸಿ. ರೇಡಿಯೇಟರ್ ಹೋಸ್ ತುಂಡು ಬೇಡ, ಆಯಿಲ್ ತಗುಲಿದರೆ ಅದು ಉಬ್ಬುತ್ತದೆ. ಡಬ್ಬಿಯ ತಳದ ಜಾಲರಿ ಕಟ್ಟಿಕೊಂಡಿದ್ದರೂ ಇದೇ ಸದ್ದು.

ಇಷ್ಟಾದರೂ ಸದ್ದು ನಿಲ್ಲದೆ, ಬೆಲ್ಟ್ ಬಿಗಿಯಾಗಿದ್ದೂ ಐಡಲ್‌ನಲ್ಲಿ ಸ್ಟೇರಿಂಗ್ ಭಾರವಾಗಿ, ಆಯಿಲಿನಲ್ಲಿ ಲೋಹದ ಪುಡಿ ಮಿನುಗಿದರೆ ಮೆಕ್ಯಾನಿಕ್ ಹೇಳಿದ್ದು ಸರಿ.

ಪ್ರಶ್ನೆ: ತುರ್ತಿಗೆ ಬ್ರೇಕ್ ಆಯಿಲ್ ಹಾಕಬಹುದೇ?

ಉತ್ತರ: ಬೇಡವೇ ಬೇಡ. ಸ್ಟೇರಿಂಗಿನ ಸೀಲುಗಳು ಅದರಲ್ಲಿ ಉಬ್ಬಿ ಹಾಳಾಗುತ್ತವೆ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯದನ್ನೇ ಹಾಕಿ. ಈಗಾಗಲೇ ಬ್ರೇಕ್ ಆಯಿಲ್ ಹಾಕಿದ್ದರೆ ಎಂಜಿನ್ ಸ್ಟಾರ್ಟ್ ಮಾಡದೆ ಪೂರ್ತಿ ಇಳಿಸಿ ತೊಳೆಸಿ.