ಹಳೆಯ ಸಂಘ-ಸಂಸ್ಥೆಗಳಿಗೂ ಅವುಗಳ ಕಡತಗಳಿಗೂ ಸೇರಿ ಒಂದು ಡೇಟಾಬೇಸ್: ಎಕ್ಸೆಲ್ ಹಾಳೆ ಸಾಕೇ?

ಕರ್ನಾಟಕದ ಹಳೆಯ ಸಂಘ-ಸಂಸ್ಥೆಗಳ ಇತಿಹಾಸವನ್ನೂ ಅವುಗಳ ಕಾಗದಪತ್ರಗಳು ಈಗ ಎಲ್ಲಿವೆ ಎಂಬ ವಿವರವನ್ನೂ ಹಲವು ಊರುಗಳ ಆಸಕ್ತರು ಸೇರಿ ಒಂದೆಡೆ ದಾಖಲಿಸಲು ಹೊರಟಿದ್ದೀರಿ. ಅದಕ್ಕೆ ಎಕ್ಸೆಲ್ ಹಾಳೆ ಸಾಕೇ ಎಂದು ಕೇಳಿದ್ದೀರಿ. ಎಕ್ಸೆಲ್ ಸಾಕು, ಒಂದು ಹಾಳೆ ಸಾಲದು. ಇಂಥದೇ ಕೆಲಸದಲ್ಲಿ ತೊಡಗಿರುವವನಾಗಿ ಹೇಳುವುದಾದರೆ, ಸಂಸ್ಥೆಗೆ ಒಂದು ಹಾಳೆ, ದಾಖಲೆಗಳ ಸಂಗ್ರಹಕ್ಕೆ ಇನ್ನೊಂದು, ಆ ಸಂಗ್ರಹ ಇರುವ ಸ್ಥಳಕ್ಕೆ ಮತ್ತೊಂದು ಎಂದು ಆರಂಭದಲ್ಲೇ ಬೇರ್ಪಡಿಸಿ, ಪ್ರತಿಯೊಂದಕ್ಕೂ ಎಂದೂ ಬದಲಾಗದ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಗಳ ಮೂಲಕವೇ ಒಂದನ್ನೊಂದು ಜೋಡಿಸಬೇಕು.

ಇದು ಏಕೆ ಅಗತ್ಯವೆಂಬುದಕ್ಕೆ ದಲಿತರ ಏಳಿಗೆಗಾಗಿ ದುಡಿದ ಮಂಗಳೂರಿನ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನೇ ನೋಡಿ. ಕುದ್ಮುಲ್ ರಂಗರಾಯರು ಅದನ್ನು 1897ರಲ್ಲಿ ಸ್ಥಾಪಿಸಿದರು. ಮುಂದೆ ಅದರ ಹೊಣೆ, ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಕಟ್ಟಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಸೇರಿತು. ಅಂದಿನ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹೀಗಾಗಿ ಈ ಒಂದು ಸಂಸ್ಥೆಯ ಜಾಡು ಹಿಡಿದವರು ಮಂಗಳೂರಿನಲ್ಲೂ ಪುಣೆಯಲ್ಲೂ ಚೆನ್ನೈ ಎಗ್ಮೋರಿನ ಪತ್ರಾಗಾರದಲ್ಲೂ (ಹಳೆಯ ಸರ್ಕಾರಿ ದಾಖಲೆಗಳನ್ನು ಕಾದಿಡುವ ಸಂಸ್ಥೆ) ಹುಡುಕಬೇಕಾಗುತ್ತದೆ. ಇಷ್ಟನ್ನೂ ಒಂದೇ ಸಾಲಿನ "ದಾಖಲೆ ಎಲ್ಲಿದೆ" ಎಂಬ ಕಿರಿದಾದ ಕೋಶಕ್ಕೆ ತುರುಕಿದರೆ ಮುಂದೆ ಯಾರಿಗೂ ಅದನ್ನು ಬಿಡಿಸಲು ಬರುವುದಿಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯದೂ ಹೀಗೆಯೇ: 1834ರಲ್ಲಿ ಮಂಗಳೂರಿಗೆ ಬಂದ ಆ ಸಂಸ್ಥೆಯ ಕಾಗದಪತ್ರಗಳಲ್ಲಿ ಒಂದು ಪಾಲು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ, ಇನ್ನೊಂದು ಪಾಲು ಮಂಗಳೂರಿನ ಬಲ್ಮಠದ ಥಿಯಲಾಜಿಕಲ್ ಕಾಲೇಜಿನಲ್ಲಿದೆ.

1956ರ ನವೆಂಬರ್ 1ರ ಗಡಿಯನ್ನು ನೀವು ಮರೆಯುವಂತಿಲ್ಲ. ಅದಕ್ಕೆ ಹಿಂದೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿಗೆ, ಬೀದರ, ಗುಲ್ಬರ್ಗ, ರಾಯಚೂರುಗಳು ಹೈದರಾಬಾದಿಗೆ ಸೇರಿದ್ದವು; ಮೈಸೂರು ಮತ್ತು ಕೊಡಗು ಬೇರೆ ಬೇರೆ. ಸಂಘಗಳ ನೋಂದಣಿಗೂ ಬೇರೆ ಬೇರೆ ಕಾನೂನುಗಳಿದ್ದವು. ಬ್ರಿಟಿಷ್ ಆಡಳಿತದ ಭಾಗಗಳಿಗೆ 1860ರ ಕಾಯಿದೆ, ಮೈಸೂರಿಗೆ 1904ರ ತನ್ನದೇ ಕಾಯಿದೆ, ಹೈದರಾಬಾದಿಗೆ 1350 ಫಸಲಿಯ (ಕಂದಾಯ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷಗಣನೆ) ಕಾಯಿದೆ; ಇವೆಲ್ಲದರ ಜಾಗಕ್ಕೆ ಈಗಿನ ರಾಜ್ಯದ ಕಾಯಿದೆ ಬಂದದ್ದು 1960ರಲ್ಲಿ. ಆದ್ದರಿಂದ "ನೋಂದಣಿ ವರ್ಷ" ಎಂಬ ಅಂಕಣದ ಪಕ್ಕದಲ್ಲಿ "ಯಾವ ಕಾಯಿದೆಯಡಿ" ಎಂಬ ಅಂಕಣ ಇರಲೇಬೇಕು. 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಸಂಬಂಧಿಸಿದ ಸರ್ಕಾರಿ ಕಡತವನ್ನು ಬೆಂಗಳೂರಿನಲ್ಲಷ್ಟೇ ಹುಡುಕಿ "ಸಿಗಲಿಲ್ಲ" ಎಂದು ಬರೆಯುವುದು ಸಲ್ಲದು. ಮುಂಬಯಿಯ ಪತ್ರಾಗಾರವನ್ನು ನೋಡಿದ ಮೇಲಷ್ಟೇ ಆ ಮಾತಿಗೆ ಅರ್ಥ.

ತಾರೀಖುಗಳ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮೂಲದಲ್ಲಿ ಇದ್ದಂತೆಯೇ ಒಂದು ಅಂಕಣದಲ್ಲಿ ಬರೆಯಿರಿ, ನಿಮ್ಮ ಲೆಕ್ಕಾಚಾರದ ಕ್ರಿಸ್ತಶಕವನ್ನು ಇನ್ನೊಂದರಲ್ಲಿ ಹಾಕಿ. ಫಸಲಿ 1350 ಎಂದರೆ 1940-41. ಆ ವರ್ಷ ಜನವರಿಯಲ್ಲಿ ಆರಂಭವಾಗುವುದಿಲ್ಲ. ಬರಿಯ "ವಿಕೃತಿ ಸಂವತ್ಸರ" ಎಂದಿದ್ದರೆ ಅದು 1890-91 ಆಗಬಹುದು, 1950-51 ಕೂಡ ಆಗಬಹುದು. ನಾನು ನೋಡಿದ ಒಂದು ಸಂಘದ ನಡಾವಳಿ ಪುಸ್ತಕದಲ್ಲಿ ಸಭೆಯ ತಾರೀಖು ಇಂಗ್ಲಿಷಿನಲ್ಲಿತ್ತು, ಅದೇ ಪುಟದ ಅಂಚಿನಲ್ಲಿದ್ದ ಜಮಾಖರ್ಚಿನ ಟಿಪ್ಪಣಿಗೆ ಸಂವತ್ಸರ, ಮಾಸ, ತಿಥಿ ಮಾತ್ರ ಇದ್ದವು, ಕಾರ್ಯದರ್ಶಿಯ ಸಹಿ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿತ್ತು. ಇಂಥ ಪುಟವನ್ನು "1890" ಎಂಬ ಒಂದು ಅಂಕೆಗೆ ಇಳಿಸಿಬಿಟ್ಟರೆ, ಮುಂದೆ ಅನುಮಾನ ಬಂದಾಗ ಪರಿಶೀಲಿಸಲು ಏನೂ ಉಳಿದಿರುವುದಿಲ್ಲ.

ಹೆಸರುಗಳೂ ಸ್ಥಿರವಲ್ಲ. 1915ರಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಎಂದು ಆರಂಭವಾದದ್ದು 1938ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಾಯಿತು. ಇದು ಸುಲಭದ ಉದಾಹರಣೆ: ಒಂದೇ ಸಂಸ್ಥೆ, ಎರಡು ಹೆಸರು, ಪ್ರತಿ ಹೆಸರಿಗೂ ಅವಧಿ. ಕಷ್ಟವಿರುವುದು ಎಪ್ಪತ್ತರ ದಶಕದ ನಂತರದ ಚಳವಳಿಗಳಲ್ಲಿ. ದಲಿತ ಸಂಘರ್ಷ ಸಮಿತಿಯಾಗಲಿ, 1980ರ ರಾಜ್ಯ ರೈತ ಸಂಘವಾಗಲಿ ಹಲವು ಬಣಗಳಾಗಿ ಒಡೆದವು, ಪ್ರತಿ ಬಣವೂ ತಾನೇ ಮೂಲ ಎನ್ನುತ್ತದೆ. ಆ ತೀರ್ಪು ಕೊಡುವುದು ಡೇಟಾಬೇಸಿನ ಕೆಲಸವಲ್ಲ. "ಇದರಿಂದ ಬೇರ್ಪಟ್ಟಿತು", "ಇದರ ಉತ್ತರಾಧಿಕಾರಿ ಎಂದು ಹೇಳಿಕೊಳ್ಳುತ್ತದೆ" ಎಂಬ ಸಂಬಂಧಗಳನ್ನು ದಾಖಲಿಸಿ, ಹೀಗೆಂದು ಹೇಳುತ್ತಿರುವವರು ಯಾರು ಎಂಬುದನ್ನು ಪಕ್ಕದಲ್ಲೇ ಬರೆದರೆ ಸಾಕು. ಸ್ಥಾಪನೆಯ ವರ್ಷಕ್ಕೂ ಇದೇ ನಿಯಮ. ಎರಡು ಆಕರಗಳು ಎರಡು ವರ್ಷ ಹೇಳಿದರೆ ಎರಡೂ ಇರಲಿ, ಎರಡಕ್ಕೂ ಆಕರವಿರಲಿ. ಒಂದು ಸಾಲಿಗೆ ಒಂದು ಆಕರ ಎಂಬುದು ಸಾಮಾನ್ಯ ರೂಢಿ. ನನ್ನ ದೃಷ್ಟಿಯಲ್ಲಿ ಒಂದು ಹೇಳಿಕೆಗೆ ಒಂದು ಆಕರ ಇರಬೇಕು. ಇದು ಬೇಸರದ ಕೆಲಸ, ನಿಜ.

ಜಿಲ್ಲಾ ಸಂಘಗಳ ನೋಂದಣಾಧಿಕಾರಿಯ ಕಚೇರಿಯನ್ನೇ ನಂಬಿ ಕೂರಬೇಡಿ. ಚಳವಳಿಗಳು, ಮಹಿಳಾ ಗುಂಪುಗಳು, ಊರಿನ ನಾಟಕ ಮಂಡಳಿಗಳು ಎಷ್ಟೋ ಬಾರಿ ನೋಂದಾಯಿಸಿಕೊಳ್ಳಲೇ ಇಲ್ಲ. ಅವುಗಳ ಸಾಕ್ಷ್ಯವಿರುವುದು ಕರಪತ್ರ, ರಸೀದಿ ಪುಸ್ತಕ, ಕಾರ್ಯಕರ್ತರ ಮನೆಯ ಟ್ರಂಕುಗಳಲ್ಲಿ. 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಕೇಂದ್ರ ಸರ್ಕಾರ ಮತ್ತು ಕೇಂದ್ರಾಡಳಿತ ಪ್ರದೇಶಗಳ ದಾಖಲೆಗಳಿಗೆ ಸಂಬಂಧಿಸಿದ್ದು. ಖಾಸಗಿ ಸಂಘದ ಬೀರು ಖಾಲಿಯಾದರೆ ಕೇಳುವವರಿಲ್ಲ. ಹಾಗಾಗಿ ಸ್ಥಳದ ಹಾಳೆಯಲ್ಲಿ ಪತ್ರಾಗಾರಗಳ ಜೊತೆ ಖಾಸಗಿ ಮನೆಗಳಿಗೂ ಜಾಗವಿರಲಿ, ಕೊನೆಯ ಬಾರಿ ಯಾವಾಗ ನೋಡಿದ್ದು, ಯಾವ ಸ್ಥಿತಿಯಲ್ಲಿತ್ತು ಎಂಬುದಿರಲಿ. ಮನೆಯ ವಿಳಾಸ ಮಾತ್ರ ಸಾರ್ವಜನಿಕ ಪ್ರತಿಯಲ್ಲಿ ಬೇಡ. ಸದಸ್ಯರ ಪಟ್ಟಿ, ಜಾತಿ, ಚಂದಾ ವಿವರಗಳಿರುವ ಪುಟಗಳ ವಿಷಯದಲ್ಲೂ, ಬದುಕಿರುವವರ ಹೆಸರಿದ್ದರೆ "ಇಂಥದೊಂದು ಪುಸ್ತಕವಿದೆ" ಎಂದು ನಮೂದಿಸಿ ಅಲ್ಲಿಗೆ ನಿಲ್ಲಿಸಿ.

ತಂತ್ರಾಂಶದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯ ಮಾನದಂಡಗಳೇ ಸಂಸ್ಥೆ, ಸಂಗ್ರಹ, ಸ್ಥಳಗಳನ್ನು ಬೇರೆ ಬೇರೆಯಾಗಿ ವಿಂಗಡಿಸುತ್ತವೆ. ಆ್ಯಟಮ್ ಎಂಬ ಮುಕ್ತ ತಂತ್ರಾಂಶ ಆ ಮಾನದಂಡಗಳ ಮೇಲೆಯೇ ನಿಂತಿದೆ. ಹಾಳೆಗಳು ಶಿಸ್ತಾಗಿದ್ದರೆ ಮುಂದೆ ಅದಕ್ಕೆ ವರ್ಗಾಯಿಸುವುದು ಕಷ್ಟವಲ್ಲ. ವಿಕಿಡೇಟಾ ಎಂಬ ಮುಕ್ತ ಮಾಹಿತಿಕೋಶದಲ್ಲಿ ಈಗಾಗಲೇ ಇರುವ ಸಂಸ್ಥೆಗಳಿಗೆ ಅಲ್ಲಿನ ಕ್ಯೂ ಸಂಖ್ಯೆಯನ್ನೂ (Q ಅಕ್ಷರದಿಂದ ಆರಂಭವಾಗುವ ಗುರುತಿನ ಸಂಖ್ಯೆ) ಸೇರಿಸಿಕೊಳ್ಳಿ. ಮೊದಲು ಒಂದೇ ಜಿಲ್ಲೆಯನ್ನು ಹಿಡಿಯಿರಿ, ಸಾಧ್ಯವಾದರೆ ಧಾರವಾಡ ಅಥವಾ ದಕ್ಷಿಣ ಕನ್ನಡವನ್ನು. ಹಳೆಯ ಮೈಸೂರಿನ ಜಿಲ್ಲೆಯಿಂದ ಆರಂಭಿಸಿದರೆ ಪ್ರಾಂತ್ಯ, ಕಾಯಿದೆ, ಲಿಪಿಗಳ ತೊಡಕು ಎದುರಾಗುವ ಹೊತ್ತಿಗೆ ಹಾಳೆಗಳ ವಿನ್ಯಾಸ ಗಟ್ಟಿಯಾಗಿಬಿಟ್ಟಿರುತ್ತದೆ.