ಲೈಟ್ ಹತ್ತಿದರೆ ಕೆಲಸ ಮುಗಿಯಿತಾ?

ಪ್ರಶ್ನೆ: ಅಣ್ಣಾ, ನಮ್ಮದು ತೀರ್ಥಹಳ್ಳಿ ಹತ್ತಿರ. ಪಿಯುಸಿ ಅರ್ಧಕ್ಕೆ ಬಿಟ್ಟು ಊರಿನ ವೈರಿಂಗ್ ಮೇಸ್ತ್ರಿ ಜೊತೆ ಹೆಲ್ಪರ್ ಆಗಿ ಹೋಗುತ್ತಿದ್ದೇನೆ. ಗೋಡೆ ಕೊರೆದು ಪೈಪ್ ಕೂರಿಸೋದು, ವೈರ್ ಎಳೆಯೋದು, ಬೋರ್ಡ್ ಕಟ್ಟೋದು ಎಲ್ಲಾ ಬರುತ್ತೆ. ಮನೆಯಲ್ಲಿ ಐಟಿಐ ಸೇರು ಅಂತಾರೆ. ಬರೋ ಕೆಲಸವನ್ನೇ ಮತ್ತೆ ಕಲಿಯೋಕೆ ಎರಡು ವರ್ಷ ಸಂಬಳ ಬಿಡಬೇಕಾ?

ಉತ್ತರ: ಬಿಡು ತಮ್ಮಾ, ಸೇರಿಬಿಡು.

ನಿನಗೆ ಬರೋದು ಸಣ್ಣ ಕೆಲಸ ಅಂತ ನಾನು ಹೇಳುತ್ತಿಲ್ಲ. ಐಟಿಐ ಮುಗಿಸಿ ಬಂದ ಎಷ್ಟೋ ಹುಡುಗರಿಗೆ ಎರಡು ಬೆಂಡ್ ಇರೋ ಪೈಪಿನಲ್ಲಿ ಸ್ಪ್ರಿಂಗ್ ಹಾಯಿಸಿ ನಾಲ್ಕು ವೈರ್ ಒಟ್ಟಿಗೆ ಎಳೆಯೋಕೆ ಬರಲ್ಲ. ಆದರೆ ಒಂದು ಕೇಳುತ್ತೇನೆ. ಕೆಲಸ ಮುಗಿದ ದಿನ ನಿಮ್ಮ ಮೇಸ್ತ್ರಿ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯೋ ಮೀಟರ್) ಹಚ್ಚಿ ನೋಡುತ್ತಾರಾ? ಸೋರಿದ ಕರೆಂಟನ್ನು ನೆಲಕ್ಕೆ ಇಳಿಸೋ ಅರ್ತ್ ಎಷ್ಟು ಓಮ್ ಬಂತು ಅಂತ ಅಳೆಯುತ್ತಾರಾ? ಹೆಚ್ಚಿನ ಕಡೆ ನಡೆಯೋದು ಇಷ್ಟೇ: ಮೇನ್ ಆನ್ ಮಾಡಿದರು, ಲೈಟ್ ಹತ್ತಿತು, ಫ್ಯಾನ್ ತಿರುಗಿತು, ಕಾಫಿ ಕುಡಿದು ಹೊರಟರು. ಅರ್ತ್ ಇಲ್ಲದಿದ್ದರೂ ಲೈಟ್ ಹತ್ತುತ್ತೆ, ಅಲ್ವಾ? ಅದರಲ್ಲೂ ನಮ್ಮ ಜಂಬಿಟ್ಟಿಗೆ ನೆಲ ಬೇರೆ. ಮಳೆಗಾಲದಲ್ಲಿ ಚೆನ್ನಾಗಿ ಬಂದ ಅರ್ತ್ ರೀಡಿಂಗ್ ಏಪ್ರಿಲ್‌ನಲ್ಲಿ ನೆಲ ಒಣಗಿದಾಗ ಏರಿ ಕೂತಿರುತ್ತೆ. ಅಳೆಯೋದು, ಅಳೆದದ್ದನ್ನು ಅರ್ಥ ಮಾಡಿಕೊಳ್ಳೋದು, ಮೋಟರ್ ಸ್ಟಾರ್ಟರ್ ಒಳಗೆ ಏನಾಗುತ್ತಿದೆ ಅಂತ ಡ್ರಾಯಿಂಗ್ ನೋಡಿ ಹೇಳೋದು, ಇದನ್ನೆಲ್ಲ ಕೂತು ಕಲಿಯೋಕೆ ಹೆಲ್ಪರ್ ಕೆಲಸದಲ್ಲಿ ಪುರುಸೊತ್ತು ಸಿಗಲ್ಲ.

ಇನ್ನು ಕಾಗದದ ಮಾತು. ಹೊಸ ಮನೆಗೆ ನಮ್ಮ ಕಡೆಯ ವಿದ್ಯುತ್ ಕಂಪನಿ ಮೆಸ್ಕಾಂ ಕರೆಂಟ್ ಕೊಡಬೇಕಾದರೆ ವೈರಿಂಗ್ ಮುಗಿದಿದೆ ಅಂತ ಲೈಸೆನ್ಸ್ ಇರೋ ಕಂಟ್ರಾಕ್ಟರ್ ಸಹಿ ಬೇಕು. ನೀನು ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಸಹಿ ಇನ್ನೊಬ್ಬರದು, ಅದಕ್ಕೆ ದುಡ್ಡೂ ಅವರಿಗೆ. ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ಟು, ಮುಂದೆ ಲೈಸೆನ್ಸು ಅಂತ ಹೋಗೋಕೆ ಐಟಿಐ ಒಳ್ಳೆ ಮೆಟ್ಟಿಲು. ಎಲೆಕ್ಟ್ರಿಷಿಯನ್ ಟ್ರೇಡಿಗೆ ಎಸ್‌ಎಸ್‌ಎಲ್‌ಸಿ ಪಾಸಾಗಿದ್ದರೆ ಸಾಕು, ವಯಸ್ಸು ದಾಟಿತು ಅನ್ನೋ ಭಯವೂ ಬೇಡ. ಮುಗಿದ ಮೇಲೆ ಒಂದು ವರ್ಷ ಅಪ್ರೆಂಟಿಸ್ ಮಾಡು. ಅದಕ್ಕೆ ಸ್ಟೈಪೆಂಡ್ ಬರುತ್ತೆ. ಓದೋ ಮನಸ್ಸಿದ್ದರೆ ಐಟಿಐ ಮೇಲೆ ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೂ ಸೇರಬಹುದು.

ಮೆಸ್ಕಾಂನಲ್ಲಿ ಪವರ್‌ಮ್ಯಾನ್ (ಲೈನ್‌ಮ್ಯಾನ್) ಆಗೋ ಆಸೆ ಇದ್ದರೆ ಅದು ಬೇರೆ ದಾರಿ. ಅಲ್ಲಿ ನೋಡೋದು ಎಸ್‌ಎಸ್‌ಎಲ್‌ಸಿ ಅಂಕ, ಜೊತೆಗೆ 8 ಮೀಟರ್ ಕಂಬ ಹತ್ತಿ ತೋರಿಸಬೇಕು, ಓಡಬೇಕು. ಅಡಿಕೆ ಮರ ಹತ್ತಿ ಬೆಳೆದ ನಮ್ಮ ಹುಡುಗರಿಗೆ ಕಂಬ ಕಷ್ಟ ಅಲ್ಲ, ಅಂಕದ್ದೇ ಪಜೀತಿ!

ಮೇಸ್ತ್ರಿಯನ್ನು ಮಾತ್ರ ಬಿಡಬೇಡ. ಭಾನುವಾರ, ರಜೆಯಲ್ಲಿ ಅವರ ಜೊತೆ ಹೋಗು. ಕೈಖರ್ಚಿಗೂ ಆಯಿತು.

ಪ್ರಶ್ನೆ: ಸರ್, ಸಾಗರದಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯೋ ಸ್ವಿಚ್) ಪದೇ ಪದೇ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಅದನ್ನು ಬೈಪಾಸ್ ಮಾಡಿ, ಮಳೆಗಾಲದಲ್ಲಿ ಇದೆಲ್ಲ ಮಾಮೂಲಿ ಅಂದರು. ಹೌದಾ?

ಉತ್ತರ: ಖಂಡಿತ ಅಲ್ಲ ಅಕ್ಕಾ. ಮೊದಲು ಹೋಗಿ ಗೀಸರಿನ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳೋ ಸ್ವಿಚ್) ಇಳಿಸಿ, ಆಮೇಲೆ ಮುಂದೆ ಓದಿ.

ಆರ್‌ಸಿಸಿಬಿ ಬೀಳುತ್ತಿದ್ದದ್ದು ಅದು ಕೆಟ್ಟಿದೆ ಅಂತ ಇರಲಿಕ್ಕಿಲ್ಲ, ಎಲ್ಲೋ ಕರೆಂಟ್ ಸೋರುತ್ತಿದೆ ಅಂತ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬರದೆ 30 ಮಿಲಿ ಆಂಪಿಯರ್‌ನಷ್ಟು ಬೇರೆ ದಾರಿ ಹಿಡಿದರೂ ಅದು ಲೈನ್ ಕಡಿಯುತ್ತೆ. ಆ ಬೇರೆ ದಾರಿ ನಿಮ್ಮ ಮೈ ಕೂಡ ಆಗಬಹುದು. ಎಂಸಿಬಿ ಇದೆಯಲ್ಲ ಅಂತ ಸುಮ್ನೆ ಇರಬೇಡಿ. ಗೀಸರಿಗೆ ಹಾಕೋ 20 ಆಂಪಿಯರ್ ಎಂಸಿಬಿ ಅಂದರೆ 20,000 ಮಿಲಿ ಆಂಪಿಯರ್. ಮನುಷ್ಯನ ಜೀವ ತೆಗೆಯೋ ಕರೆಂಟು ಅದರ ಲೆಕ್ಕಕ್ಕೇ ಬರಲ್ಲ.

ಬೇರೆಯವರನ್ನು ಕರೆಸಿ, ಮೇನ್ ಆಫ್ ಮಾಡಿ ಗೀಸರಿನ ಸಾಕೆಟ್ ಬಿಚ್ಚಿಸಿ, ಪಕ್ಕದಲ್ಲಿ ನಿಂತು ನೋಡಿ. ಮೇಲಿನ ದಪ್ಪ ತೂತಿಗೆ ಬಂದ ಹಸಿರು ವೈರ್ ಡಿಬಿಯ (ಎಂಸಿಬಿಗಳಿರೋ ಪೆಟ್ಟಿಗೆಯ) ಅರ್ತ್ ಪಟ್ಟಿಯವರೆಗೂ ಹೋಗಬೇಕು. ಕೆಲವರು ಹಸಿರು ವೈರ್ ಎಳೆಯೋ ಗೋಜಿಗೇ ಹೋಗದೆ ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ತಿಗೆ ಒಂದು ತುಂಡು ವೈರ್ ಸೇರಿಸಿ ಮುಚ್ಚಿಬಿಡುತ್ತಾರೆ. ಗಾಳಿಮಳೆಗೆ ಕೊಂಬೆ ಬಿದ್ದು ಹೊರಗಡೆ ನ್ಯೂಟ್ರಲ್ ತುಂಡಾಯಿತು ಅಂದುಕೊಳ್ಳಿ, ಆಗ ಗೀಸರಿನ ಮೈಯೆಲ್ಲ 230 ವೋಲ್ಟ್. ಅಂಥ ತುಂಡು ಸಿಕ್ಕರೆ ಆ ಒಂದು ಸಾಕೆಟ್ ಅಲ್ಲ, ಇಡೀ ಮನೆ ತಪಾಸಣೆ ಮಾಡಿಸಿ. ಸಿಗದಿದ್ದರೆ ಗೀಸರಿನ ಕಾಯಿಲ್ ನೋಡಿಸಿ. ಎರಡರಲ್ಲಿ ಏನೇ ಆದರೂ ಆರ್‌ಸಿಸಿಬಿ ವಾಪಸ್ ಲೈನಿಗೆ ಬರಲೇಬೇಕು.

ಪ್ರಶ್ನೆ: ಅಡಿಕೆ ತೋಟದ ಮೇಲೆ 11 ಕೆವಿ ಲೈನ್ ಹಾದುಹೋಗಿದೆ. ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ಅಡಿಕೆ ಕೊನೆ ಕೊಯ್ಯಬಹುದಾ? ಅದು ಅಲ್ಯುಮಿನಿಯಂ ಅಲ್ಲವಲ್ಲ. (ಹೊಸನಗರದಿಂದ)

ಉತ್ತರ: ಕಾರ್ಬನ್ ಫೈಬರ್ ಕೂಡ ಕರೆಂಟ್ ಹಾಯಿಸುತ್ತೆ. ಮೇಲಿನ ಪೇಂಟ್ ನಂಬಬೇಡಿ. 11 ಕೆವಿ ಅಂದರೆ 11,000 ವೋಲ್ಟ್, ತಾಗಲೇಬೇಕು ಅಂತಿಲ್ಲ, ತೀರಾ ಹತ್ತಿರ ಹೋದರೂ ಹಾರುತ್ತೆ. ಮನೆಯಲ್ಲಿ ಕರೆಂಟ್ ಇಲ್ಲ ಅಂತ ಲೈನಿನಲ್ಲೂ ಇಲ್ಲ ಅಂದುಕೊಳ್ಳಬೇಡಿ, ಯಾವ ಹೊತ್ತಿಗೆ ಬೇಕಾದರೂ ಬರಬಹುದು. ಕೊಯ್ಲಿನ ಹಿಂದಿನ ದಿನವೇ ಮೆಸ್ಕಾಂ ಸೆಕ್ಷನ್ ಆಫೀಸಿಗೆ ಹೇಳಿಡಿ, ಅಲ್ಲಿ ಫೋನ್ ಎತ್ತದಿದ್ದರೆ 1912ಕ್ಕೆ ಮಾಡಿ. ಲೈನ್ ಆಫ್ ಮಾಡಿದ್ದೇವೆ ಅಂತ ಪವರ್‌ಮ್ಯಾನ್ ಬಾಯಿಂದಲೇ ಕೇಳಿಸಿಕೊಂಡ ಮೇಲೆ ಆ ಸಾಲಿನ ಮರಗಳಿಗೆ ದೋಟಿ ಎತ್ತಿ.